ನೀ ಹೇಳಿದ್ದು ಇಷ್ಟು

ಯಂಕಂಚಿ, ತಾ. ಸಿಂದಗಿ
18 ನವೆಂಬರ್ 2024

ಸಂವಹನ ತಜ್ಞೆ ಶ್ರೀಮತಿ ಮುಕ್ತಾಬಾಯಿಯವರಿಗೆ,

ಯಂಕಂಚಿಯ ಸುಭಾಸ ಬರೆಯೋದು. ಹೆಸರು ಮರೆತಿದ್ರ ನೆನಪು ಮಾಡ್ತೇನಿ: ಸಾಕ್ಷರತಾ ಆಂದೋಲನದಾಗ ನಿಮ್ಮ ಜೋಡಿ ಹಳ್ಳಿ ಹಳ್ಳಿ ತಿರುಗಿದವ, ಕಂದೀಲ ಹಿಡಕೊಂಡವ, ಹಲಗಿ ಬಾರಿಸಿದವ. ಹನ್ನೊಂದು ವರ್ಷ ನಿಮಗ ಒಂದಕ್ಷರ ಬರದಿಲ್ಲ. ಇನ್ನೂ ಬರೀತಿರಲಿಲ್ಲ. ಬರಿಯೂ ಹಂಗ ಮಾಡಿದ್ರಿ.

ನಿಯಮದ ಪ್ರಕಾರ ಈ ಕಾಗದ ‘ನೀ ಹೇಳಿದ್ದು ಇಷ್ಟು’ ಅಂತ ಶುರು ಆಗಬೇಕು. ಆಂದೋಲನದ ನಮ್ಮ ದುಂಡು ಸಭಾದಾಗ ಜಗಳ ಬಂದ್ರ ಬಾಯಿಲೆ ಆಡಬಾರದು, ಕಾಗದದಾಗ ಆಡಬೇಕು, ಎದುರಿನವರು ಹೇಳಿದ್ದನ್ನ ಮೊದಲ ತಿರುಗಿ ಬರೀಬೇಕು, ಅವರು ‘ಹೌದು’ ಅಂದ ಮ್ಯಾಲ ತನ್ನ ಮಾತು ಅಂತ ನಾವ ಮಾಡಿದ್ದು. ಆದ್ರ ನೀವು ನನಗ ಏನೂ ಹೇಳಿಲ್ಲ. ಹನ್ನೊಂದು ವರ್ಷದ ಮೌನ ತಿರುಗಿ ಹೆಂಗ ಬರೀಲಿ? ಅದಕ್ಕ ನೇರ ವಿಷಯಕ್ಕ ಬರ್ತೇನಿ.

ನನ್ನ ಅಕ್ಕ ಶೆಟ್ಟೆವ್ವನ ಮಗಳು ಗೌತಮಿ. ಅಕ್ಕ ನಿಮ್ಮ ಕೈ ಹಿಡದು ತನ್ನ ಹೆಸರು ಬರಿಯಾಕ ಕಲತಾಕಿ. ಆಕಿ ಮಗಳು ಬಿ.ಎಸ್ಸಿ. ಮುಗಿಸಿ, ಸಿಂದಗಿ ಬಸ್ ಸ್ಟ್ಯಾಂಡ್ ಹಿಂದ, ಬೀಜದ ಅಂಗಡಿ ಮ್ಯಾಲಿನ ಮಾಳಿಗ್ಯಾಗ ಇರೂ ಕಲಿಕಾ ಆ್ಯಪ್ ಕಂಪನಿಯೊಳಗ ಕೆಲಸಕ್ಕ ಸೇರಿದ್ಲು. ಆ್ಯಪ್ ತಗೊಂಡ ಮಂದಿ ಫೋನ್ ಮಾಡಿ, ಮೆಸೇಜ್ ಮಾಡಿ ಕೇಳಿದ್ದಕ್ಕ ಉತ್ತರ ಕೊಡೂ ಕೆಲಸ. ಖಾಯಂ ಆಗೂ ಹೊತ್ತಿಗೆ ನೀವು ಬಂದ್ರಿ. ‘ಹೊಸ ಕಾಲದ ಕಲಿಕೆ ಮತ್ತು ಸಂವಹನ ಕೌಶಲ’. ಬ್ಯಾನರಿನ್ಯಾಗ ನಿಮ್ಮ ನಗುಮುಖ.

ಅಲ್ಲಿ ಏನ ಮಾಡಿದ್ರಿ? ಖುರ್ಚಿ ಸರಿಸಿ ಎಲ್ಲರನ್ನೂ ನೆಲದ ಮ್ಯಾಲ ದುಂಡಗ ಕುಂದ್ರಿಸಿದ್ರಿ. ‘ಇಲ್ಲಿ ಆಡಿದ ಮಾತು ಹೊರಗ ಹೋಗೂದಿಲ್ಲ, ಎದಿಯೊಳಗ ಇದ್ದದ್ದು ಹೇಳ್ರಿ’ ಅಂದ್ರಿ. ಇದು ನಮ್ಮದು. ಕೂಲಿ ಮಾಡಿ ಬಂದು ಕಂದೀಲ ಸುತ್ತ ಕುಂತ ಹೆಣ್ಮಕ್ಕಳ ಸಲುವಾಗಿ ಕಟ್ಟಿದ್ದು. ಅದನ್ನ ಕಂಪನಿಗೆ ಮಾರಿಕೊಂಡ್ರಿ. ಮಾರಿಕೊಳ್ರಿ, ನನಗೇನು. ಉಳದ ಹುಡುಗ್ಯಾರು ಜಾಣ್ಯಾರು, ‘ಎಲ್ಲಾ ಚಲೋ ಐತ್ರಿ ಮೇಡಂ’ ಅಂದು ಪಾರಾದ್ರು. ನಮ್ಮ ಗೌತಮಿ ನಂಬಿದ್ಲು. ತೊಟ್ಟಿಲಾಗಿಂದನ ದುಂಡು ಸಭಾ ನೋಡಿದಾಕಿ. ದುಂಡಗ ಕುಂತ ಮ್ಯಾಲ ಮಂದಿ ಮೋಸ ಮಾಡಬಹುದು ಅಂತ ನಾವು ಆಕಿಗೆ ಕಲಿಸೇ ಇಲ್ಲ.

ಆಕಿ ಹೇಳಿದ್ಲು: ಊಟದ ಖೋಲ್ಯಾಗ ಟೇಬಲ್ ಮ್ಯಾಲ ‘ಶುದ್ಧ ಸಸ್ಯಾಹಾರ’ ಅಂತ ಚೀಟಿ ಅಂಟಿಸ್ಯಾರ. ನನ್ನ ಡಬ್ಬ್ಯಾಗ ತತ್ತಿ ಇದ್ದದ್ದು ನೋಡಿ ಮ್ಯಾನೇಜರ್ ಪರಮಾನಂದ ‘ನೀ ಹೊರಗ ಉಣ್ಣು’ ಅಂದ. ತತ್ತಿ ಇಲ್ಲದ ದಿನಾನೂ ‘ನೀ ಹೊರಗ’ ಅಂದ. ಆವಾಗಿಂದ ಮಾಳಿಗಿ ಹತ್ತೂ ಪಾವಟಗಿ ಮ್ಯಾಲ ಕುಂತು ಉಣ್ಣಾಕತ್ತೇನಿ.

ತಿಂಗಳ ತುಂಬೂದ್ರಾಗ ಪರಮಾನಂದ ಆಕಿನ್ನ ಕರದು ನೀವು ಬರದ ಷರಾ ಓದಿ ತೋರಿಸಿದ: ‘ಇವಳು ಎದ್ದು ನಿಂತರೆ ಉಳಿದವರೂ ಏಳುತ್ತಾರೆ.’ ‘ಇಂಥಾಕಿನ್ನ ಖಾಯಂ ಮಾಡಿ ನನ್ನ ಕುತ್ತಿಗಿಗೆ ನಾನ ಉರುಲ ಹಾಕ್ಕೊಳ್ಳಲೇನು?’ ಅಂದನಂತ. ಆಕಿ ಪಾವಟಗಿ ಮಾತು ದುಂಡು ಸಭಾದಾಗ ಆಡಿದ್ದೂ ಅವಗ ಗೊತ್ತಾಗೈತಿ. ಜನವರಿಯೊಳಗ ವಿಚಾರಣೆ, ಅಲ್ಲಿತನಕ ಕೆಲಸಕ್ಕ ಬರಬ್ಯಾಡ ಅಂತ ಹೇಳಿ ಕಳಿಸ್ಯಾನ.

ನೀವು ಬರಬೇಕು. ವಿಚಾರಣೆಯೊಳಗ ನಿಂತು, ದುಂಡು ಸಭಾದ ಮಾತು ಹೊರಗ ಒಯ್ದದ್ದು ನಾನು ಅಂತ ಹೇಳಬೇಕು. ಗೌತಮಿ ಕೆಲಸ ಆಕಿಗೆ ತಿರುಗಿ ಸಿಗಬೇಕು. ಇಲ್ಲಾಂದ್ರ ಆ ನಗುಮುಖದ ಬ್ಯಾನರ್ ಎಲ್ಲೆಲ್ಲಿ ಕಟ್ಟತೀರೋ ಅಲ್ಲೆಲ್ಲಾ ನಾ ಹಲಗಿ ತಗೊಂಡು ಬರ್ತೇನಿ.

ಇನ್ನೂ ನೆಲದ ಮ್ಯಾಲ ಕುಂದ್ರೂವ,
ಸುಭಾಸ


ಇಂಡಿ
2 ಡಿಸೆಂಬರ್ 2024

ಸುಭಾಸ,

‘ಶ್ರೀಮತಿ’, ‘ಯವರಿಗೆ’ ಅಂತೆಲ್ಲಾ ಬರೀಬ್ಯಾಡ. ನಿನ್ನ ಮರ್ಯಾದಿ ನಿನ್ನ ಬಯ್ಗಳಕ್ಕಿಂತ ಹೊಲಸ ಇರ್ತದ.

ನೀ ಹೇಳಿದ್ದು ಇಷ್ಟು: ನಾನು ದುಂಡು ಸಭಾ ಕಂಪನಿಗೆ ಮಾರೀನಿ. ಗೌತಮಿ ನಂಬಿ ಹೇಳಿದ ಮಾತು ಹೊರಗ ಒಯ್ದೀನಿ. ನಾ ಬರದ ಒಂದು ಸಾಲಿನಿಂದ ಆಕಿ ಕೆಲಸಕ್ಕ ಕುತ್ತು ಬಂದದ. ನಾನು ಬಂದು ತಪ್ಪು ಒಪ್ಪಬೇಕು, ಇಲ್ಲಾಂದ್ರ ನೀ ಹಲಗಿ ಬಾರಸ್ತೀ. ಹೌದೋ ಅಲ್ಲೋ? ಹೌದು ಅಂತ ನಾನ ಅಂದ್ಕೋತೀನಿ. ನೀ ಎಂದೂ ಯಾರಿಗೂ ಹೌದು ಅಂದವ ಅಲ್ಲ.

ಈಗ ನನ್ನ ಮಾತು.

ಆ ಸಾಲು ನಾನು ಬರದದ್ದು ಖರೆ. ಅದು ಎಲ್ಲಿಂದ ಬಂತು ನೆನಪು ಮಾಡ್ಕೊ. ಶೆಟ್ಟೆವ್ವನ ಬಗ್ಗೆ ನೀನ ಹೇಳ್ತಿದ್ದಿ, ‘ಅಕ್ಕ ಎದ್ದು ನಿಂತ್ರ ಓಣಿನ ಏಳ್ತೈತಿ’ ಅಂತ. ಅದಕ್ಕಿಂತ ದೊಡ್ಡ ಹೊಗಳಿಕಿ ನಮ್ಮ ಬಾಯಾಗ ಇದ್ದಿಲ್ಲ. ಗೌತಮಿನ್ನ ನೋಡಿದ ಕೂಡಲೆ ಆಕಿ ಅವ್ವ ನೆನಪಾದ್ಲು. ನಾಯಕತ್ವದ ಗುಣ ಅನ್ನೂ ಕಡೆ ಎದಿ ತುಂಬಿ ಬರದೆ. ಪರಮಾನಂದ ಅದನ್ನ ಹಾವು ನೋಡಿದಂಗ ನೋಡ್ತಾನಂತ ನನಗ ಹೊಳೀಲೇ ಇಲ್ಲ.

ಪಾವಟಗಿ ಮಾತು ನಾ ಎಲ್ಲೂ ಬರದಿಲ್ಲ. ಪರಮಾನಂದನ್ನ ಬದಿಗೆ ಕರದು ‘ಹಿಂಗ ಆಗಲಿಕ್ಕತ್ತದ, ಗದ್ದಲಿಲ್ಲದ ಸರಿ ಮಾಡ್ರಿ’ ಅಂದೆ. ಕೆಲಸ ಆಗಲಿ ಅಂತ ಅಂದದ್ದು. ಕೊನೇ ದಿನ ನನ್ನ ಡಬ್ಬಿ ತಗೊಂಡು ಹೋಗಿ ಗೌತಮಿ ಜೋಡಿ ಅದ ಪಾವಟಗಿ ಮೇಲೆ ಕೂತು ಉಂಡೆ. ಎಲ್ಲರೂ ನೋಡಿದ್ರು. ಇದನ್ನ ಆಕಿ ನಿನಗ ಹೇಳಿಲ್ಲೇನು?

ಮಾರೀನಿ ಅಂತೀ. ಆ ಮಾಳಿಗಿಯೊಳಗಿನ ಹುಡುಗ್ಯಾರು ಡಿಗ್ರಿ ಮುಗಿಸ್ಯಾರ, ಒಂದು ಇ-ಮೇಲ್ ಹತ್ತು ಸಲ ಬರದು ಅಳಸ್ತಾರ. ಫೋನಿನ್ಯಾಗ ಯಾರರ ದನಿ ಏರಿಸಿದ್ರ ಅತ್ತುಬಿಡ್ತಾರ. ಕಂಪ್ಯೂಟರ್ ತಾನ ಬರದುಕೊಟ್ಟ ಉತ್ತರ ಖರೇನೋ ಸುಳ್ಳೋ ನೋಡಿ ತಿದ್ದಲಿಕ್ಕೆ ಬರೂದಿಲ್ಲ. ‘ನನಗ ಗೊತ್ತಿಲ್ಲ, ಕೇಳಿ ಹೇಳ್ತೀನಿ’ ಅನ್ನಲಿಕ್ಕೂ ಅಂಜಿಕಿ. ಇದನ್ನ ಯಾರು ಕಲಸಬೇಕಿತ್ತು? ನಿನ್ನ ಘೋಷಣಾ ಕಲಸ್ತಾವೇನು? ಇವತ್ತು ಕಲತ ಕೆಲಸ ನಾಳೆ ಇರೂದಿಲ್ಲ, ಮತ್ತ ಹೊಸದು ಕಲೀಬೇಕು, ಆಮೇಲೆ ಮತ್ತೊಂದು. ಹೊಸದನ್ನ ಅಂಜದ ಕಲಿಯೂದನ್ನ ಕಲಸ್ತೀನಿ ನಾನು. ಅವರ ಅವ್ವಂದಿರಿಗೆ ಅಕ್ಷರ ಕಲಿಸಿದ್ರ ಕ್ರಾಂತಿ, ಮಕ್ಕಳಿಗೆ ಮಾತು ಕಲಿಸಿದ್ರ ವ್ಯಾಪಾರ. ಯಾವ ನ್ಯಾಯ ಇದು?

ಪರಮಾನಂದಗ ಪತ್ರ ಬರೀತೀನಿ. ನಿನ್ನ ಹಲಗಿ ನಿನ್ನ ಹತ್ರನ ಇರಲಿ.

ಖುರ್ಚಿ ಮೇಲೂ ಕೂಡಲಿಕ್ಕೆ ಬರೂವಾಕಿ,
ಮುಕ್ತಾ


ಯಂಕಂಚಿ
9 ಡಿಸೆಂಬರ್ 2024

ಮುಕ್ತಾ,

ನೀ ಹೇಳಿದ್ದು ಇಷ್ಟು: ನೀ ಉದ್ಧಾರ ಮಾಡಾಕಿ, ಉಳದವರು ದಡ್ಡರು, ಸುಭಾಸ ಬರೇ ಬಾಯಿಬಡಕ. ಹೌದು ಅನ್ನು, ಮುಗೀತು.

ಹೊಗಳಿಕಿ ಅಂತೀ. ಕಟಗನ ಮುಂದ ನಿಂತು ಕುರಿ ಮೈ ಎಷ್ಟು ತುಂಬೈತಿ ನೋಡು ಅಂತ ಹೊಗಳಿದಂಗ ಆತು. ಯಾರ ಮುಂದ ಏನ ಹೇಳಬೇಕು ಅನ್ನೂದನ್ನ ಊರಿಗೆಲ್ಲಾ ಕಲಿಸಾಕಿ ನೀನ ಅಲ್ಲೇನು? ಆಳಿಸಿಕೊಳ್ಳೂ ಮಂದಿಗೆ ‘ಎದ್ದು ನಿಲ್ಲೂದು’ ಗುಣ. ಆಳೂ ಮಂದಿಗೆ ಅದ ರೋಗ. ಇಷ್ಟು ತಿಳೀದಷ್ಟು ದಿನಾ ಆತೇನು ನೀ ನೆಲ ಬಿಟ್ಟು?

‘ಗದ್ದಲಿಲ್ಲದ ಸರಿ ಮಾಡ್ರಿ’ ಅಂದ್ಯಂತ. ಸರಿ ಮಾಡಿದ ನೋಡು. ಗದ್ದಲಿಲ್ಲದ ಆಕಿನ್ನ ಹೊರಗ ಹಾಕಿದ.

ಇನ್ನ ಆ ಪಾವಟಗಿ. ‘ಆಕಿ ಜೋಡಿ ಕೂತು ಉಂಡೆ’ ಅಂತ ಬರದೀಯಲ್ಲ, ಅದನ್ನ ಓದಿ ಕಾಗದ ಕೆಳಗಿಟ್ಟೆ. ಇಂಡಿಯೊಳಗಿನ ನಿಮ್ಮ ಮನಿ ಮುಂದಿನ ಕಟ್ಟಿ ಕಣ್ಣಮುಂದ ಬಂತು. ಆಂದೋಲನ ಶುರು ಆದ ವರ್ಷ. ಪುಸ್ತಕದ ಗಂಟು ಹೊತಗೊಂಡು ನಿಮ್ಮ ಮನಿಗೆ ಬಂದಿದ್ದೆ. ನಿಮ್ಮ ಆಯಿ ಭಾಗೀರಥೀಬಾಯಾರು ಬಾಗಲಾಗ ನಿಂತು ‘ಅಲ್ಲೇ ಕೂಡಪಾ’ ಅಂದ್ರು. ಚಹಾ ಕಟ್ಟಿಗೇ ಬಂತು, ಕಿವಿ ಮುರದ ಕಪ್ಪಿನ್ಯಾಗ. ನೀ ನಿನ್ನ ಕಪ್ಪು ಹಿಡಕೊಂಡು ಹೊರಗ ಬಂದು ನನ್ನ ಬಾಜೂಕ ಕುಂತಿ. ನಿನ್ನ ಮಾರಿ ಮ್ಯಾಲ ಏನ ಬೆಳಕು! ಜಗತ್ತ ಗೆದ್ದಾಕಿ ಹಂಗ ಕುಂತಿದ್ದಿ. ನಾನೂ ಹುಚ್ಚ, ಖುಷಿಪಟ್ಟೆ. ಆ ಒಂದು ಕಪ್ಪು ಚಹಾದ ಮ್ಯಾಲ ಎಷ್ಟು ವರ್ಷ ನಿನ್ನ ಹಿಂದ ತಿರುಗಿದೆ, ಅದು ಬ್ಯಾರೆ ಮಾತು.

ಆಮ್ಯಾಲ ತಿಳೀತು. ನೀ ಹೊರಗ ಬಂದಿ, ಮುಕ್ತಾ. ನನ್ನ ಒಳಗ ಕರೀಲಿಲ್ಲ.

ಇದಕ್ಕ ಉತ್ತರ ಕೊಡು. ಬ್ಯಾರೆ ಏನೂ ಬರೀಬ್ಯಾಡ.

ಕರಪತ್ರ ಅಚ್ಚಿಗೆ ಹೋಗೈತಿ. ಸಿಂದಗಿ ಬಸ್ ಸ್ಟ್ಯಾಂಡಿನ ಕಂಬಕ್ಕೆಲ್ಲಾ ಅಂಟಸ್ತೇನಿ. ತಲಿಬರಹ ಕೇಳು: ‘ಮೆಟ್ಟಿಲ ಮೇಲೆ ಉಣ್ಣುವ ಗೌತಮಿ: ಇದು ಯಾರ ಜ್ಞಾನಯುಗ?’ ಕೆಳಗ ನಿನ್ನ ಹೆಸರೂ ಐತಿ. ದಪ್ಪ ಅಕ್ಷರದಾಗ.

ಸುಭಾಸ


ಮುದ್ದೇಬಿಹಾಳ
30 ಡಿಸೆಂಬರ್ 2024

ಸುಭಾಸ,

ಇಲ್ಲೆ ತರಬೇತಿ ಅದ. ಊಟದ ಬಿಡುವಿನ್ಯಾಗ ಬರೀಲಿಕ್ಕತ್ತೀನಿ.

ನೀ ಹೇಳಿದ್ದು ಇಷ್ಟು: ನನ್ನ ಹೊಗಳಿಕಿ ಗೌತಮಿನ್ನ ಕಟಗನ ಕೈಗೆ ಕೊಟ್ಟಿತು. ‘ಗದ್ದಲಿಲ್ಲದ ಸರಿ ಮಾಡ್ರಿ’ ಅಂದದ್ದು ತಪ್ಪು. ಕರಪತ್ರ ಹಚ್ಚತೀ.

ಮೊದಲಿನ ಎರಡರ ಬಗ್ಗೆ ವಿಚಾರ ಮಾಡಲಿಕ್ಕತ್ತೀನಿ. ಮೂರನೇದರ ಬಗ್ಗೆ ಕೇಳು.

ಹೋದ ವಾರ ಬಸವನ ಬಾಗೇವಾಡಿಯೊಳಗ ತರಬೇತಿಗೆ ಬಂದ ಬ್ಯಾಂಕಿನವನೊಬ್ಬ ಮೊಬೈಲಿನ್ಯಾಗ ನಿನ್ನ ಕರಪತ್ರ ತೋರಿಸಿದ. ‘ಮೇಡಂ, ಇದರಾಗಿನ ಮುಕ್ತಾಬಾಯಿ ನೀವ ಏನ್ರಿ?’ ಅಂತ ನಕ್ಕ. ನನ್ನ ಹೆಸರು ಹಾಕಿದ್ದಕ್ಕ ಬ್ಯಾಸರಿಲ್ಲ. ನಾನು ಬೈಸಿಕೊಂಡು ಬೆಳದಾಕಿ. ಆದ್ರ ಗೌತಮಿ ಹೆಸರು, ಆಕಿ ಊರು, ಆಕಿ ಡಬ್ಬಿಯೊಳಗಿನ ತತ್ತಿ, ಇಷ್ಟನ್ನೂ ಕಂಬಕ್ಕ ಹಚ್ಚೀಯಲ್ಲ, ಆಕಿನ್ನ ಕೇಳಿದ್ಯಾ? ಒಂದ ಮಾತು? ಆಡಿದವರ ಅಪ್ಪಣೆ ಇಲ್ಲದ ಮಾತು ಹೊರಗ ಒಯ್ಯಬಾರದು ಅಂತ ನನಗ ಎಂಥಾ ಮಂಗಳಾರತಿ ಎತ್ತಿದಿ. ನಾ ಒಬ್ಬನ ಕಿವ್ಯಾಗ ಹೇಳಿದೆ. ನೀ ಬಸ್ಸಿಗೆ ಕಾಯೂ ಮಂದಿಗೆಲ್ಲಾ ಸಾರಿದಿ.

ಪರಮಾನಂದ ಅದನ್ನ ಮೇಲಿನವರಿಗೆ ಕಳಿಸ್ಯಾನ. ವಿಚಾರಣೆಯೊಳಗ ಈಗ ‘ಸಂಸ್ಥೆಯ ಹೆಸರಿಗೆ ಮಸಿ’ ಅನ್ನೂದೂ ಸೇರ್ಯದ. ನಾ ಬರದ ಪತ್ರ ಮೂಲಿಗೆ ಬಿತ್ತು. ಶಾಬಾಸ್, ಸುಭಾಸ.

ಮತ್ತೊಂದು. ದುಂಡಿಗೆ ತುದಿ ಇರೂದಿಲ್ಲ ಅಂತ ಹಾಡ್ತಿದ್ವಿ. ಇತ್ತು. ನೀ ಎಲ್ಲಿ ಕೂಡತಿದ್ದ್ಯೋ ಅದು ತುದಿ. ಹೆಣ್ಮಕ್ಕಳೆಲ್ಲಾ ಮಾತಾಡಿ ಮುಗಿದ ಮೇಲೆ ನೀ ತಾಸುಗಟ್ಟಲೆ ಮಾತಾಡಿ ‘ಹಂಗಾರ ಇದು ನಿರ್ಣಯ’ ಅಂತಿದ್ದಿ. ಅವರು ಹೇಳಿದ್ದು ನಿನ್ನ ನಿರ್ಣಯದಾಗ ಎಲ್ಲೂ ಇರತಿದ್ದಿಲ್ಲ. ನಾ ಬಿಟ್ಟು ಬಂದದ್ದು ಅದಕ್ಕ. ಯಾವ ಕಂಪನಿ ಸಲುವಾಗಿನೂ ಅಲ್ಲ.

ವಿಚಾರಣೆ ಜನವರಿ ಹದಿನೇಳಕ್ಕ. ಬರ್ತೀನಿ. ನಿನಗ ಅಂಜಿ ಅಲ್ಲ.

ಮುಕ್ತಾ


ಯಂಕಂಚಿ
6 ಜನವರಿ 2025

ಮುಕ್ತಾ,

ನಾ ಹೇಳಿದ್ದನ್ನ ತಿರುಗಿ ಬರದದ್ರಾಗ ಒಂದು ಬಿಟ್ಟಿ. ಬೇಕಂತ ಬಿಟ್ಟಿ. ನಿಮ್ಮ ಮನಿ ಕಟ್ಟಿ ಮಾತು.

ಗೌತಮಿನ್ನ ಕೇಳಾಕ ಏನಿತ್ತು? ಆಕಿ ನಮ್ಮ ಹುಡುಗಿ. ಆಕಿ ನೋವು ಆಕಿ ಒಬ್ಬಾಕಿದಲ್ಲ, ಓಣಿದು, ಸಮಾಜದ್ದು.

ಹದಿನೇಳಕ್ಕ ನಾನೂ ಬರ್ತೇನಿ. ಮೈಕ್ ತಗೊಂಡು.

ಸುಭಾಸ


ಯಂಕಂಚಿ
26 ಜನವರಿ 2025

ಸುಭಾಸ ಮಾಮಾಗ, ಮುಕ್ತಾ ಮೇಡಂಗ,

ಇಬ್ಬರಿಗೂ ಒಂದ ಕಾಗದ, ಎರಡು ಪ್ರತಿ ಮಾಡೇನಿ.

ಮಾಮಾ, ನಿಮ್ಮ ಮನಿ ನಮ್ಮ ಮನಿಯಿಂದ ಒಂದು ಓಣಿ ದಾಟಿದ್ರ ಬರ್ತೈತಿ. ಆದ್ರೂ ಕಾಗದ. ಬಾಯಿಲೆ ಹೇಳಾಕ ಬಂದ್ರ ನೀವು ನಡುವ ಬಾಯಿ ಹಾಕ್ತೀರಿ. ಮೇಡಂ, ನಿಮಗ ಸಣ್ಣಾಕಿದ್ದಾಗ ‘ಮುಕ್ತಕ್ಕಾರ’ ಅಂತಿದ್ದೆ. ಆ ಮಾತು ಸದ್ಯಕ್ಕ ತಗದಿಟ್ಟೇನಿ.

ನೀವಿಬ್ಬರೂ ಬರಕೊಂಡ ಕಾಗದ ಮಾಮಾ ನನಗ ಓದಿ ತೋರಿಸ್ಯಾರ. ಮೇಡಂದು ಸಿಟ್ಟಿಲೆ, ತಮ್ಮದರ ನಕಲು ಹೆಮ್ಮಿಲೆ. ತಮ್ಮ ಒಂದು ಕಾಗದ ಓದೂಮುಂದ ನಡುವ ನಿಲ್ಲಿಸಿ ನೀರು ಕುಡದ್ರು, ಏನೋ ಬಿಟ್ಟು ಮುಂದ ಓದಿದ್ರು. ನಾ ಕೇಳಲಿಲ್ಲ.

ಮಾಮಾ, ನೀವು ಹೇಳಿದ್ದು ಇಷ್ಟು: ದುಂಡು ಸಭಾ ನಮ್ಮದು, ಮೇಡಂ ಅದನ್ನ ಮಾರಿದ್ರು, ನನ್ನ ನೋವು ಸಮಾಜದ್ದು, ಅದಕ್ಕ ಅದನ್ನ ಕಂಬಕ್ಕ ಹಚ್ಚಾಕ ನನ್ನ ಕೇಳೂದು ಬೇಕಿಲ್ಲ. ಮೇಡಂ, ನೀವು ಹೇಳಿದ್ದು ಇಷ್ಟು: ಹೊಸ ಕಾಲಕ್ಕ ಹೊಸ ಕಲಿಕಿ ಬೇಕು, ನೀವು ನನ್ನ ಹೊಗಳಿದ್ರಿ, ನನ್ನ ಮಾತು ಒಬ್ಬರ ಕಿವ್ಯಾಗ ಅಷ್ಟ ಹೇಳಿದ್ರಿ, ನನ್ನ ಜೋಡಿ ಪಾವಟಗಿ ಮ್ಯಾಲ ಉಂಡ್ರಿ.

ಇಬ್ಬರೂ ಹೌದು ಅಂತೀರಿ, ಗೊತ್ತೈತಿ. ಈಗ ಹದಿನೇಳನೇ ತಾರೀಖಿನದು ಹೇಳ್ತೇನಿ. ಮಾಮಾ ಕೆಳಗಿದ್ರು, ಮೇಡಂ ಒಳಗಿದ್ರು. ಇಬ್ಬರಿಗೂ ನಾ ಕಾಣಲಿಲ್ಲ.

ಪರಮಾನಂದ ಸರ್ ಖೋಲ್ಯಾಗ ನನ್ನ ಕುಂದ್ರಿಸಿದ್ರು. ಒಂದು ಹಾಳಿ ಮುಂದ ಸರಿಸಿ, ‘ನಾನು ತಪ್ಪು ತಿಳಿದುಕೊಂಡೆ ಅಂತ ಬರದು ಸಹಿ ಮಾಡು, ಕರಪತ್ರಕ್ಕೂ ನನಗೂ ಸಂಬಂಧ ಇಲ್ಲ ಅಂತ ಬರಿ, ಸೋಮವಾರ ಬಾ’ ಅಂದ್ರು. ಮೇಡಂ, ನೀವು ಸಣ್ಣಗ ನಕ್ಕು, ‘ಎರಡೂ ಕಡೆ ಸಂವಹನದ ಕೊರತೆ ಆಗ್ಯದ, ಇಬ್ಬರೂ ಒಂದೊಂದು ಹೆಜ್ಜಿ ಹಿಂದ ಸರೀರಿ’ ಅಂದ್ರಿ. ನಾ ಹಿಂದ ಎಲ್ಲಿಗೆ ಸರೀಲ್ರಿ? ನನ್ನ ಹಿಂದ ಪಾವಟಗಿನ ಐತಿ.

ನಾ ಬಾಯಿ ತಗದೆ. ಆಗ ಕೆಳಗ ಮಾಮಾ ಮೈಕಿನ್ಯಾಗ ‘ಗೌತಮಿಗೆ ನ್ಯಾಯ ಸಿಗಲಿ’ ಅಂತ ಕೂಗಾಕತ್ತಿದ್ರು. ಆ ದನಿಗೆ ಕಿಟಕಿ ಗಾಜು ನಡಗತಿತ್ತು. ಗೌತಮಿ ಏನ ಹೇಳಾಕತ್ತಾಳಂತ ಗೌತಮಿಗೇ ಕೇಳವಲ್ದು. ಎದ್ದು ಹೋಗಿ ಕಿಟಕಿ ಹಾಕಿದೆ, ಮಾಮಾ. ನೀವು ಮ್ಯಾಲ ನೋಡಿ ಕೈ ಎತ್ತಿದ್ರಿ. ನಾ ಹುರುಪು ಕೊಡಾಕ ಬಂದೇನಿ ಅಂತ ತಿಳದ್ರಿ.

ವಾಪಸ್ ಬಂದು ಕುಂದ್ರಲಿಲ್ಲ. ನಿಂತಕೊಂಡ ಅಂದೆ: ‘ಸರ್, ಮೇಡಂ ನಮಗ ಒಂದು ಕಲಿಸ್ಯಾರ್ರಿ. ಗಿರಾಕಿ ಹೇಳಿದ್ದನ್ನ ಮೊದಲ ತಿರುಗಿ ಹೇಳಬೇಕು, ಅವರು ಹೌದು ಅಂದ ಮ್ಯಾಲ ಉತ್ತರ. ನಾ ಏನ ಹೇಳೇನಿ ಅಂತ ತಿರುಗಿ ಹೇಳ್ರಿ. ಆಮ್ಯಾಲ ಸಹಿ ವಿಚಾರ.’

‘ನಿನಗ ಊಟದ ಜಾಗದ ಬಗ್ಗೆ ಅಸಮಾಧಾನ ಐತಿ’ ಅಂದ್ರು.

‘ಇಲ್ರಿ, ಅದನ್ನ ನಾ ಹೇಳಿಲ್ಲ.’

‘ಕೆಲವರ ಊಟದ ಪದ್ಧತಿ ಬ್ಯಾರೆ ಇರ್ತೈತಿ, ಅದಕ್ಕ ಅನುಕೂಲ ಮಾಡಿದ್ದು...’

‘ಇಲ್ರಿ.’

‘ಏನವಾ ನಿನ್ನ ಇಲ್ರಿ ಇಲ್ರಿ! ಇದೇನ ಸಾಲಿ ಏನು, ಪಾಠ ಒಪ್ಪಸಾಕ?’

‘ತರಬೇತಿ ಕೊಡಿಸಿದವರು ನೀವ ಅಲ್ರಿ ಸರ್?’

ಬಾಗಲಾ ತೆರದಿತ್ತು. ದಾನೇಶ್ವರಿ ಅಂತ ನನ್ನ ಬಾಜೂಕ ಕುಂದ್ರಾಕಿ, ದುಂಡು ಸಭಾದಾಗ ‘ಎಲ್ಲಾ ಚಲೋ ಐತ್ರಿ’ ಅಂದಾಕಿ, ಹೆಡ್‌ಫೋನ್ ತಗದು ಮೇಜಿನ ಮ್ಯಾಲ ಇಟ್ಟು ಬಂದು ಬಾಗಲಾಗ ನಿಂತ್ಲು. ಆಕಿ ಹಿಂದ ಇನ್ನೊಬ್ಬಾಕಿ. ಹಿಂದಿಂದ ಒಂದೊಂದ ಖುರ್ಚಿ ಸರಿಯೂ ಸಪ್ಪಳ. ಫೋನ್ ಬಡಕೊಳ್ಳಾಕತ್ತಿದ್ವು, ಯಾರೂ ಎತ್ತಲಿಲ್ಲ. ‘ನಮಗೂ ಕೇಳಬೇಕಾಗೈತ್ರಿ ಸರ್’ ಅಂದ್ಲು ದಾನೇಶ್ವರಿ. ಮೇಡಂ, ನೀವು ನೆಲಾ ನೋಡಿದ್ರಿ.

ಆಮ್ಯಾಲ ಅವರು ಹೇಳಿದ್ರು. ಹಲ್ಲ ಕಡಕೋತ ಹೇಳಿದ್ರು. ‘ಡಬ್ಬ್ಯಾಗ ತತ್ತಿ ಐತಿ ಅನ್ನೂದು ನೆವ. ನೀ ಯಾವ ಓಣ್ಯಾಕಿ ಅಂತ ನೋಡಿ, ಟೇಬಲ್ ಬಿಟ್ಟು ಪಾವಟಗಿ ಮ್ಯಾಲ ಉಣ್ಣು ಅಂತ ನಾನ ಹೇಳಿದೆ.’

‘ಹೌದ್ರಿ’ ಅಂದೆ. ‘ನಾ ಹೇಳಿದ್ದು ಇಷ್ಟ. ಈಗ ನಿಮ್ಮ ಉತ್ತರ ಹೇಳ್ರಿ.’

ಅವರು ಸಹಿ ಹಾಳಿ ಹಿಂದಕ್ಕ ಎಳಕೊಂಡು, ಬಾಗಲಾಗ ನಿಂತವರನ್ನ ನೋಡಿ ‘ಸೋಮವಾರ ಬಾ’ ಅಂದ್ರು.

ಸೋಮವಾರ ಕೆಲಸಕ್ಕ ಹೋದೆ. ಖಾಯಂ ಆಗೈತಿ. ಯಾವ ಹಾಳಿಗೂ ಸಹಿ ಮಾಡಿಲ್ಲ. ಟೇಬಲ್ ಮ್ಯಾಲಿನ ಚೀಟಿ ಇಲ್ಲ. ಈಗ ಅಲ್ಲೇ ಉಣ್ತೇನಿ. ಎಲ್ಲರೂ ಬಾಜೂಕ ಬಂದು ಕುಂತಾರ ಅಂತ ತಿಳೀಬ್ಯಾಡ್ರಿ. ಇಬ್ಬರು ಈಗ ತಮ್ಮ ಡಬ್ಬಿ ತಮ್ಮ ಮೇಜಿನ ಮ್ಯಾಲ ಬಿಚ್ಚತಾರ. ಪರಮಾನಂದ ಸರ್ ಖಾನಾವಳಿಗೆ ಹೋಗ್ತಾರ. ಹೋಗಲಿ.

ಮೇಡಂ, ನೀವು ಕಲಿಸಿದ್ದು ಕೆಲಸಕ್ಕ ಬಂತು. ಮಾಮಾ, ನೀವು ಕಲಿಸಿದ್ದೂ ಅದನ್ನ. ಅದಕ್ಕ ನನಗ ಇಷ್ಟು ಸಿಟ್ಟು. ಇಂಥಾ ಚಲೋ ಹತಾರ ಕೈಯಾಗ ಇಟ್ಟಗೊಂಡು ನನ್ನ ಮ್ಯಾಲ ಒಬ್ಬರೂ ಅದನ್ನ ಉಪಯೋಗಿಸಲಿಲ್ಲ. ‘ಗೌತಮಿ, ನಿನ್ನ ಮಾತು ಮ್ಯಾನೇಜರಿಗೆ ಹೇಳಲೇನು?’ ಅಂತ ಮೇಡಂ ಕೇಳಲಿಲ್ಲ. ‘ನಿನ್ನ ಹೆಸರು ಹಾಕಲೇನು?’ ಅಂತ ಮಾಮಾ ಕೇಳಲಿಲ್ಲ. ಬಸ್ ಸ್ಟ್ಯಾಂಡಿನ್ಯಾಗ ಈಗ ನಾ ನಿಂತ್ರ ‘ಪಾವಟಗಿ ಗೌತಮಿ ಈಕಿನ ನೋಡು’ ಅಂತಾರ. ಅವ್ವ ಸಂತಿಗೆ ಹೋಗೂದು ಬಿಟ್ಟಾಳ.

ಮೇಡಂ, ಕೊನೇ ದಿನ ನೀವು ಡಬ್ಬಿ ತಂದು ನನ್ನ ಬಾಜೂಕ ಕುಂತ್ರಿ. ಟೇಬಲ್ ಹತ್ರ ನಿಮಗ ಖುರ್ಚಿ ಇತ್ತು. ನನ್ನ ಕೈ ಹಿಡದು ‘ನಡಿ, ಅಲ್ಲಿ ಕೂಡೂಣು’ ಅಂದಿದ್ರ ಪರಮಾನಂದ ಸರ್ ಆವತ್ತು ಏನ ಮಾಡ್ತಿದ್ರು? ನೀವು ಬಂದ್ರಿ, ಉಂಡ್ರಿ, ಕೈ ತೊಳಕೊಂಡು ಹೋದ್ರಿ. ಪಾವಟಗಿ ನನಗ ಉಳೀತು.

ಇಬ್ಬರೂ ನನಗ ಬರೀರಿ. ಕ್ಷಮಾ ಬ್ಯಾಡ, ಬುದ್ಧಿಮಾತು ಬ್ಯಾಡ. ನಾ ಹೇಳಿದ್ದನ್ನ ತಿರುಗಿ ಬರೀರಿ. ನಾ ಹೌದು ಅನ್ನೂತನಕ ನಿಮ್ಮ ಉತ್ತರ ನನಗ ಬ್ಯಾಡ.

ಗೌತಮಿ ಶೆಟ್ಟೆವ್ವ, ಯಂಕಂಚಿ


ಇಂಡಿ
9 ಫೆಬ್ರುವರಿ 2025

ಗೌತಮಿ,

ನೀ ಹೇಳಿದ್ದು ಇಷ್ಟು: ದುಂಡಗ ಕೂತು ನೀ ಆಡಿದ ಮಾತು ನಿನ್ನ ಕೇಳದ ಪರಮಾನಂದಗ ಹೇಳಿದೆ. ನಿನ್ನ ಅವ್ವನ ಹೊಗಳಿಕಿ ನಿನಗ ಕೊಡೂ ಬದಲಿ ಅವನ ಕೈಯಾಗ ಕೊಟ್ಟೆ. ತಪ್ಪು ಯಾರದು ಅಂತ ಗೊತ್ತಿದ್ದೂ ವಿಚಾರಣೆಯೊಳಗ ಅದನ್ನ ಎರಡೂ ಕಡೆ ಸಮ ಹಂಚಿದೆ. ಹುಡುಗ್ಯಾರು ಎದ್ದು ಬಂದಾಗ ನೆಲ ನೋಡಿದೆ. ಪಾವಟಗಿ ಮೇಲೆ ನಿನ್ನ ಜೋಡಿ ಕೂತೆ, ನಿನ್ನನ್ನ ಟೇಬಲ್ಲಿಗೆ ಕರೀಲಿಲ್ಲ. ನಾ ಕೈ ತೊಳಕೊಂಡು ಹೋದೆ, ಪಾವಟಗಿ ನಿನಗ ಉಳೀತು.

ನೀ ಹೌದು ಅಂದ್ರ ಮುಂದ ನನ್ನ ಉತ್ತರ ಬರೀಬೇಕು. ಬರದು ನೋಡಿದೆ. ಪ್ರತಿ ಸಾಲೂ ತರಬೇತಿ ಪುಸ್ತಕದ ಸಾಲು ಆಗಲಿಕ್ಕತ್ತದ. ಹರದು ಹಾಕಿದೆ.

ನಿನ್ನ ಮಾಮಾ ಓದೂಮುಂದ ನೀರು ಕುಡಿದು ಏನೋ ಬಿಟ್ಟ ಅಂದ್ಯಲ್ಲ, ಅದು ಏನು ಅಂತ ನನಗ ಗೊತ್ತದ. ಅವ ನನಗ ನಮ್ಮ ಮನಿ ಕಟ್ಟಿ ಬಗ್ಗೆ ಒಂದು ಪ್ರಶ್ನೆ ಕೇಳ್ಯಾನ, ನಾ ಇನ್ನೂ ಉತ್ತರ ಕೊಟ್ಟಿಲ್ಲ. ನೀ ನನಗ ಬರದದ್ದರೊಳಗ ಅವನ ಉತ್ತರ ಅದ ಅಂತ ಹೇಳು. ಯಾವ ಸಾಲು ಅಂತ ಅವನಿಗೆ ತಿಳೀತದ. ಅಷ್ಟು ಹೇಳಿದ್ದಕ್ಕ ನಾ ಅವನ ಜೋಡಿ ರಾಜಿ ಆದೆ ಅಂತ ತಿಳೀಬ್ಯಾಡಂತನೂ ಹೇಳು.

ಮುಕ್ತಾ


ಯಂಕಂಚಿ
16 ಫೆಬ್ರುವರಿ 2025

ಮಾಮಾ,

ನಿಮ್ಮ ಕಾಗದ ಬಂತು. ಮೇಡಂದೂ ಬಂತು, ಇದರ ಜೋಡಿ ಇಟ್ಟೇನಿ, ನಿಮಗೂ ಒಂದು ಮಾತು ಐತಿ ಅದರಾಗ. ಅವರಿಗೆ ‘ಹೌದು’ ಅಂತ ಒಂದ ಶಬ್ದ ಬರದು ಹಾಕೇನಿ. ‘ಅಕ್ಕಾರ’ ಅಂತ ಇನ್ನೂ ಬರದಿಲ್ಲ.

ನಿಮ್ಮದು ಎಂಟು ಪುಟ. ಮೊದಲಿನ ಮೂರು ಸಾಲಿನ್ಯಾಗ ನಾ ಇದ್ದೆ. ಆಮ್ಯಾಲ ಬಂಡವಾಳದ ಕುತಂತ್ರ ಬಂತು, ಮೇಲ್ಜಾತಿಯವರ ಕರುಣಾ ಎಂಥಾದ್ದು ಅಂತ ಬಂತು, ನಾಳಿನ ಹೋರಾಟದ ರೂಪುರೇಷಾ ಬಂತು. ಕೊನೀಗೆ ‘ಹಂಗಾರ ಇದು ನಿರ್ಣಯ’ ಅಂತನೂ ಬಂತು. ಎಲ್ಲಾ ಖರೆ ಐತಿ, ಒಂದೂ ಸುಳ್ಳಲ್ಲ. ಆದ್ರ ‘ನಿನ್ನ ಕೇಳದ ನಿನ್ನ ಹೆಸರು ಕಂಬಕ್ಕ ಹಚ್ಚಿದೆ’ ಅನ್ನೂ ಸಾಲು ಹುಡುಕಿದೆ. ಸಿಗಲಿಲ್ಲ. ಅವ್ವನ ಕೈಯಾಗ ಕೊಟ್ಟೆ. ನೀವಿಬ್ಬರೂ ಕಲಿಸಿದ ಅಕ್ಷರ, ಸಾಲಿನ ಮ್ಯಾಲ ಬೊಟ್ಟಿಟ್ಟು ಎಂಟೂ ಪುಟ ಓದಿದ್ಲು. ‘ಇಲ್ಲವಾ, ನನ್ನ ತಮ್ಮ ಬರದಿಲ್ಲ’ ಅಂದ್ಲು.

ನಿನ್ನೆ ಬಸ್ ಸ್ಟ್ಯಾಂಡಿನ ಕಂಬದ ಮ್ಯಾಲ ಉಳದಿದ್ದ ಒಂದು ಕರಪತ್ರ ಉಗುರಿಲೆ ಕೆರದೆ. ಅಂಟು ಗಟ್ಟಿ ಹಾಕೀರಿ, ಮಾಮಾ. ‘ಉಣ್ಣುವ ಗೌತಮಿ’ ಅನ್ನೂದು ಕೈಗೆ ಬಂತು. ‘ಮೆಟ್ಟಿಲ ಮೇಲೆ’ ಅನ್ನೂದು ಕಂಬಕ್ಕ ಉಳೀತು.

ನಾಳೆ ಕೆಲಸಕ್ಕ ಹೋಗೂಮುಂದ ನಿಮ್ಮ ಮನಿ ಮುಂದ ಹಾದು ಹೋಗ್ತೇನಿ. ಮಾತಾಡಸಬ್ಯಾಡ್ರಿ.

ಇಲ್ಲ, ಮಾಮಾ. ಇನ್ನೊಮ್ಮೆ ಬರೀರಿ.

ಗೌತಮಿ